‘ನಾರ್ತ್’ ಎಂಬ ಶಬ್ದವೂ ನಮ್ಮ ದಿಗ್ವಾಚಕಗಳೂ

ಇಂಗ್ಲಿಷಿನ ‘ನಾರ್ತ್’ ಎಂಬ ಪದಕ್ಕೆ ‘ಉತ್ತರ’ವೆಂದು ಅರ್ಥ ಹೇಳಿ ಮುಂದಕ್ಕೆ ಸಾಗುವುದು ನಮ್ಮ ಪಾಠಶಾಲೆಗಳಲ್ಲಿ ರೂಢಿಯಾಗಿದೆ. ಪದಕ್ಕೆ ಪದವನ್ನಿಟ್ಟು ನೋಡಿದರೆ ಇದರಲ್ಲಿ ದೋಷವೇನೂ ಇಲ್ಲ. ಆದರೆ ದಿಗ್ವಾಚಕ ಶಬ್ದಗಳು ಒಂಟಿಯಾಗಿ ನಿಂತು ಅರ್ಥವನ್ನು ಪೂರ್ಣಗೊಳಿಸತಕ್ಕವಲ್ಲ. ಯಾವುದರಿಂದ ಉತ್ತರ, ಯಾವುದರೊಳಗೆ ಉತ್ತರ ಎಂಬ ಆಕಾಂಕ್ಷೆಯನ್ನು ಅವು ಒಡನೆಯೇ ಹುಟ್ಟಿಸುತ್ತವೆ. ಆ ಆಕಾಂಕ್ಷೆಯನ್ನು ಇಂಗ್ಲಿಷು ಒಂದು ಬಗೆಯಾಗಿ, ಸಂಸ್ಕೃತವು ಇನ್ನೊಂದು ಬಗೆಯಾಗಿ, ಕನ್ನಡವು ಮತ್ತೊಂದು ಬಗೆಯಾಗಿ ತೀರಿಸುತ್ತವೆ. ಈ ಭೇದವನ್ನು ಗಮನಿಸದೆ ಮಾಡಿದ ಭಾಷಾಂತರಗಳು ಭೂಗೋಳದ ಪಾಠದಿಂದ ಹಿಡಿದು ಜಮೀನಿನ ಕ್ರಯಪತ್ರದವರೆಗೆ ಹಬ್ಬಿರುವುದರಿಂದ ವಿಷಯವು ಅಲ್ಪವಾಗಿ ಕಂಡರೂ ವಿಚಾರಾರ್ಹವಾಗಿದೆ.

ದೃಷ್ಟಾಂತಕ್ಕೆ ನಂದಿಬೆಟ್ಟದ ಸುತ್ತಣ ಸೀಮೆಯನ್ನೇ ತೆಗೆದುಕೊಳ್ಳೋಣ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ತಾಲ್ಲೂಕುಗಳು ೨೦೦೭ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದುವು. ಆ ವರ್ಷ ಅವುಗಳನ್ನು ಬೇರ್ಪಡಿಸಿ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ರಚಿಸಲಾಯಿತು. ಚಿಂತಾಮಣಿಯು ಕೋಲಾರ ಪಟ್ಟಣಕ್ಕೆ ಉತ್ತರದಲ್ಲಿದೆ, ಚಿಕ್ಕಬಳ್ಳಾಪುರ ಪಟ್ಟಣಕ್ಕೆ ಪೂರ್ವದಲ್ಲಿದೆ. ಆದಕಾರಣ ೨೦೦೭ಕ್ಕೆ ಹಿಂದೆ ಜಿಲ್ಲೆಯ ಮುಖ್ಯಪಟ್ಟಣವನ್ನು ನೆಚ್ಚಿ ಚಿಂತಾಮಣಿಯನ್ನು ‘ಉತ್ತರದ ಊರು’ ಎಂದವನು ಆ ಮೇಲೆ ಅದನ್ನು ‘ಪೂರ್ವದ ಊರು’ ಎನ್ನಬೇಕಾಯಿತು. ಊರು ಎದ್ದು ಎಲ್ಲಿಗೂ ಹೋಗಲಿಲ್ಲ. ಅವಧಿ ಮಾತ್ರ ಬದಲಾಯಿತು. ದಿಕ್ಕೆಂಬುದು ಒಂದೇ ಆದ, ಸರ್ವವ್ಯಾಪಿಯಾದ ದ್ರವ್ಯ, ಪೂರ್ವಪಶ್ಚಿಮಾದಿ ವ್ಯವಹಾರವೆಲ್ಲ ಉಪಾಧಿಭೇದದಿಂದ ಬಂದದ್ದು ಎಂಬ ವೈಶೇಷಿಕರ ಸಿದ್ಧಾಂತವನ್ನು ತರ್ಕದ ಮೊದಲ ಪಾಠದಲ್ಲಿಯೇ ಓದುತ್ತೇವೆ. ಅದಕ್ಕೆ ಚಿಂತಾಮಣಿಗಿಂತ ಸುಲಭವಾದ ಉದಾಹರಣೆ ದೊರೆಯಲಾರದು.

ಮೊದಲು ವ್ಯುತ್ಪತ್ತಿಯನ್ನು ಸಂಕ್ಷೇಪವಾಗಿ ನೋಡಬಹುದು. ‘ಈಸ್ಟ್’ ಎಂಬ ಮೂಡಣವಾಚಕವು ನಮ್ಮ ‘ಉಷಸ್’ ಶಬ್ದಕ್ಕೆ ಬಂಧುವೆಂಬುದರಲ್ಲಿ ಭಾಷಾಶಾಸ್ತ್ರಜ್ಞರಿಗೆ ಭಿನ್ನಾಭಿಪ್ರಾಯವಿಲ್ಲ. ‘ನಾರ್ತ್’ ಎಂಬುದಕ್ಕೆ ‘ಎಡಗಡೆ’ ಅಥವಾ ‘ಕೆಳಗಡೆ’ ಎಂಬರ್ಥದ ಧಾತುವನ್ನು ಹಲವರು ಊಹಿಸಿದ್ದಾರೆ. ಇಟಲಿ ದೇಶದ ಪ್ರಾಚೀನ ಉಂಬ್ರಿಯ ಭಾಷೆಯಲ್ಲಿ ಎಡಕ್ಕೆ ಹೇಳುತ್ತಿದ್ದ ಶಬ್ದವೊಂದು ಇದಕ್ಕೆ ಆಧಾರ. ಉದಯಸೂರ್ಯನಿಗೆ ಅಭಿಮುಖನಾಗಿ ನಿಂತವನಿಗೆ ಉತ್ತರವು ಎಡಕ್ಕೆ ಬರುವುದಷ್ಟೆ. ನಮ್ಮಲ್ಲಿಯೂ ಕ್ರಮವು ಇದೇ: ಮುಂದಿರುವುದು ಪೂರ್ವ, ಹಿಂದಿರುವುದು ಪಶ್ಚಿಮ, ಬಲಗೈಯ ಕಡೆಯದು ದಕ್ಷಿಣ. ‘ಉತ್ತರ’ವೊಂದೇ ಈ ಪಂಕ್ತಿಗೆ ಸೇರದು. ಅದು ‘ಉದ್’ ಎಂಬುದರ ಮೇಲೆ ‘ತರ’ ಪ್ರತ್ಯಯ ಬಂದು ಆದ ಶಬ್ದ. ‘ಹೆಚ್ಚು ಮೇಲಿರುವುದು’ ಎಂದು ಅರ್ಥ. ಹಿಮವತ್ಪರ್ವತದ ಕಡೆಗೆ ನೆಲವು ಏರುತ್ತ ಹೋಗುವ ದೇಶದಲ್ಲಿ ಹುಟ್ಟಿದ ಮಾತೆಂದು ತೋರುತ್ತದೆ. ತಮಿಳರು ತಮ್ಮ ನೆಲದ ಇಳಿಜಾರನ್ನು ನೋಡಿಕೊಂಡು ಪಡುವಣಕ್ಕೆ ‘ಮೇಲು’, ಮೂಡಣಕ್ಕೆ ‘ಕೀಳು’ ಎಂಬ ಶಬ್ದಗಳಿಂದಲೇ ಹೆಸರು ಮಾಡಿಕೊಂಡಂತೆ ಇದು. ಕನ್ನಡವು ನೆಲವನ್ನು ಬಿಟ್ಟು ಸೂರ್ಯನನ್ನು ಹಿಡಿಯಿತು: ಮೂಡುವುದರಿಂದ ಮೂಡು, ಪಡುವುದರಿಂದ ಪಡು. ತೆಂಕು ಬಡಗುಗಳು ಮಾತ್ರ ಅಷ್ಟು ಸುಲಭವಾಗಿ ಬಿಡಿಸಿಕೊಳ್ಳವು. ಅವು ತಮಿಳಿನ ತೆನ್, ವಡಗಳಿಗೆ ಸೋದರಗಳೆಂದು ಹೇಳಿ ಮುಂದುವರಿಯುತ್ತೇನೆ.

ಇನ್ನು ಪ್ರಯೋಗ. ಸಂಸ್ಕೃತದಲ್ಲಿ ದಿಕ್‌ಶಬ್ದದ ಯೋಗವಿದ್ದಾಗ ಅವಧಿಗೆ ಪಂಚಮಿಯು ಬರುತ್ತದೆ: ‘ಚಿಕ್ಕಬಳ್ಳಾಪುರಾತ್ ಉತ್ತರೋ ಗ್ರಾಮಃ’. ‘ಉತ್ತರತಃ’ ಎಂಬಂತಹ ರೂಪವಾದರೆ ಷಷ್ಠಿ: ‘ಚಿಕ್ಕಬಳ್ಳಾಪುರಸ್ಯ ಉತ್ತರತಃ’. ಪಾಣಿನಿಯ ಸೂಕ್ಷ್ಮತೆ ಇಷ್ಟಕ್ಕೇ ನಿಲ್ಲುವುದಿಲ್ಲ. ಹತ್ತಿರದ ಉತ್ತರಕ್ಕೂ ದೂರದ ಉತ್ತರಕ್ಕೂ ಆತನು ಬೇರೆಬೇರೆ ಪ್ರತ್ಯಯಗಳನ್ನು ವಿಧಿಸಿದ್ದಾನೆ. ‘ಉತ್ತರೇಣ ನಂದಿಗಿರಿಮ್’ ಎಂದರೆ ಬೆಟ್ಟಕ್ಕೆ ಸಮೀಪದಲ್ಲಿಯೇ ಬಡಗಣಕ್ಕಿರುವುದು. ‘ಉತ್ತರಾಹಿ ನಂದಿಗಿರೇಃ’ ಎಂದರೆ ಬಲುದೂರ ಬಡಗಣಕ್ಕಿರುವುದು. ಮೊದಲನೆಯದರಲ್ಲಿ ದ್ವಿತೀಯೆ, ಎರಡನೆಯದರಲ್ಲಿ ಪಂಚಮಿ. ಇಂಗ್ಲಿಷಿನಲ್ಲಿ ಈ ಭೇದವನ್ನು ಹೇಳಬೇಕಾದರೆ ‘ಜಸ್ಟ್’, ‘ಫಾರ್’ ಎಂಬ ಬೇರೆ ಪದಗಳನ್ನು ಸೇರಿಸಬೇಕು.

ಆಂಗ್ಲಭಾಷೆಯಲ್ಲಿ ‘ನಾರ್ತ್ ಆಫ್ ಚಿಕ್ಕಬಳ್ಳಾಪುರ್’ ಎಂಬಲ್ಲಿನ ‘ಆಫ್’ ಎಂಬುದನ್ನು ನಮ್ಮವರು ಷಷ್ಠಿಯೆಂದು ಎಣಿಸಿ ‘ಚಿಕ್ಕಬಳ್ಳಾಪುರದ ಉತ್ತರ’ ಎಂದು ಬರೆಯುತ್ತಾರೆ. ಗೊಂದಲದ ಬೇರು ಇಲ್ಲಿದೆ. ಆ ‘ಆಫ್’ ಶಬ್ದವು ಮೂಲತಃ ಸಂಬಂಧಾರ್ಥಕವಲ್ಲ, ಅಪಾದಾನಾರ್ಥಕ. ನಮ್ಮ ‘ಅಪ’ ಎಂಬ ಉಪಸರ್ಗಕ್ಕೂ ಲ್ಯಾಟಿನ್ನಿನ ‘ಆಬ್’ ಎಂಬುದಕ್ಕೂ ಅದು ಜ್ಞಾತಿ. ‘ದೂರಕ್ಕೆ, ಕಳಚಿ’ ಎಂಬರ್ಥವುಳ್ಳ, ಎರಡು ‘ಎಫ್’ ಅಕ್ಷರಗಳಿಂದ ಬರೆಯುವ ಇನ್ನೊಂದು ‘ಆಫ್’ ಎಂಬುದೂ ಪೂರ್ವಕಾಲದಲ್ಲಿ ಇದೇ ಶಬ್ದವಾಗಿತ್ತು. ಆದುದರಿಂದ ‘ನಾರ್ತ್ ಆಫ್’ ಎಂದರೆ ‘ಅದರಿಂದ ಹೊರಟು ಬಡಗಲಾಗಿ’ ಎಂಬ ಪಂಚಮ್ಯರ್ಥವೇ ಆ ನುಡಿಗಟ್ಟಿನಲ್ಲಿ ಇಂದಿಗೂ ಉಳಿದಿದೆ. ‘ನಾರ್ತ್’ ಶಬ್ದದ ಹಿಂದೆ ‘ದಿ’ ಎಂಬುದು ಬಂದು ‘ಇನ್ ದಿ ನಾರ್ತ್ ಆಫ್’ ಎಂದಾದರೆ ಕಥೆ ಬೇರೆ. ಆಗ ‘ನಾರ್ತ್’ ಎಂಬುದು ನಾಮಪದವಾಗಿ ಒಂದು ಭಾಗವನ್ನು ಹೇಳುತ್ತದೆ, ‘ಆಫ್’ ಅವಯವಾವಯವಿ ಸಂಬಂಧದ ಷಷ್ಠಿಯಾಗುತ್ತದೆ. ಒಂದೇ ‘ಆಫ್’ ಒಂದು ಕಡೆ ಪಂಚಮಿ, ಒಂದು ಕಡೆ ಷಷ್ಠಿ. ಉಪಾಧ್ಯಾಯರು ಇದೊಂದನ್ನು ಬಿಡಿಸಿ ತೋರಿಸಿದರೆ ವಿದ್ಯಾರ್ಥಿಗಳ ತೊಡಕು ಮುಕ್ಕಾಲು ಪಾಲು ಪರಿಹಾರವಾದೀತು.

ಕನ್ನಡದ ರೀತಿ ಈ ಎರಡಕ್ಕೂ ಭಿನ್ನವಾದದ್ದು. ನಾವು ‘ಚಿಕ್ಕಬಳ್ಳಾಪುರಕ್ಕೆ ಉತ್ತರ’ ಎಂದು ಅವಧಿಗೆ ಚತುರ್ಥಿಯನ್ನು ಹಚ್ಚುತ್ತೇವೆ. ಸಂಸ್ಕೃತಾಭ್ಯಾಸಿಗಳಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಇದರಲ್ಲಿ ವ್ಯವಸ್ಥೆಯುಂಟು. ಸಂಸ್ಕೃತದಲ್ಲಿ ಎರಡು ವಸ್ತುಗಳನ್ನು ಹೋಲಿಸಿ ಹೆಚ್ಚುಕಡಮೆ ಹೇಳುವಾಗ ಪಂಚಮಿ, ದಿಕ್ಕನ್ನು ಹೇಳುವಾಗಲೂ ಪಂಚಮಿ. ಕನ್ನಡದಲ್ಲಿ ಹೋಲಿಸುವಾಗ ‘ಅದಕ್ಕಿಂತ’ ಎಂದು ಚತುರ್ಥಿಯ ಮೇಲೆ ‘ಇಂತ’ ಬರುತ್ತದೆ, ದಿಕ್ಕನ್ನು ಹೇಳುವಾಗಲೂ ಚತುರ್ಥಿ. ಉತ್ತರವೆಂಬುದು ತಾನೇ ತರಪ್ರತ್ಯಯಾಂತವಾದ ತುಲನೆಯ ಶಬ್ದವೆಂಬುದನ್ನು ನೆನೆದರೆ, ಎರಡು ಭಾಷೆಗಳೂ ದಿಕ್ಕನ್ನು ಒಂದು ಬಗೆಯ ತುಲನೆಯಾಗಿಯೇ ಭಾವಿಸಿವೆಯೆಂದು ಹೇಳಬಹುದಾಗಿದೆ; ವಿಭಕ್ತಿ ಮಾತ್ರ ಬೇರೆ.

ಇನ್ನೊಂದು ಸಂಗತಿ. ಹಳಗನ್ನಡದ ಪಂಚಮೀಪ್ರತ್ಯಯವೆಂದು ಕೇಶಿರಾಜನು ಹೇಳುವ ‘ಅತ್ತಣಿಂ’ ಎಂಬುದನ್ನು ಒಡೆದರೆ ಸಿಕ್ಕುವುದೇನು? ‘ಅತ್ತ’ ಎಂಬ ದಿಶಾವಾಚಕ, ‘ಅಣ’ ಎಂಬ ಆಗಮ, ‘ಇಂ’ ಎಂಬ ಪ್ರತ್ಯಯ. ಮೂಡಣ, ತೆಂಕಣ, ಪಡುವಣ, ಬಡಗಣಗಳಲ್ಲಿ ಕಾಣುವ ‘ಅಣ’ವೇ ಇಲ್ಲಿಯೂ ಇದೆ. ಇಂದಿನ ಶಾಲಾವ್ಯಾಕರಣಗಳಲ್ಲಿ ಪಂಚಮಿಗೆ ಕೊಡುವ ‘ದೆಸೆಯಿಂದ’ ಎಂಬುದನ್ನು ಕಂಡು ಹುಡುಗರು ನಗುತ್ತಾರೆ. ಯಾರೂ ಹಾಗೆ ಮಾತನಾಡುವುದಿಲ್ಲವೆಂದು ಉಪಾಧ್ಯಾಯರೂ ಸಂಕೋಚಪಡುತ್ತಾರೆ. ಆದರೆ ‘ದೆಸೆ’ ಎಂಬುದು ‘ದಿಶಾ’ ಶಬ್ದದ ತದ್ಭವವಲ್ಲವೆ? ಸಂಸ್ಕೃತದಲ್ಲಿ ದಿಕ್ಕು ಪಂಚಮಿಯನ್ನು ಬೇಡಿದರೆ, ಕನ್ನಡದ ಪಂಚಮಿಯು ಹಳೆಯದಾಗಲಿ ಹೊಸದಾಗಲಿ ದಿಕ್ಕಿನ ಶಬ್ದದಿಂದಲೇ ಕಟ್ಟಲ್ಪಟ್ಟಿದೆ. ಇದನ್ನು ವಿವರಿಸಿ ಪಾಠ ಹೇಳಿದರೆ ‘ದೆಸೆಯಿಂದ’ ಎಂಬುದು ನಗೆಯ ವಿಷಯವಾಗಿ ಉಳಿಯದು.

ಪ್ರಕೃತಕ್ಕೆ ಬರೋಣ. ನಮ್ಮ ದೇಶದ ಇಂಗ್ಲಿಷು ಪಾಠಗಳಲ್ಲಿ ಬಹುಕಾಲದಿಂದ ಒಂದು ನಿಯಮವನ್ನು ಕಲಿಸುತ್ತ ಬಂದಿದ್ದಾರೆ: ಒಳಗಿದ್ದರೆ ‘ಇನ್ ದಿ ನಾರ್ತ್’, ಎಲ್ಲೆಗೆ ತಗುಲಿಕೊಂಡಿದ್ದರೆ ‘ಆನ್ ದಿ ನಾರ್ತ್’, ಹೊರಗೆ ಪ್ರತ್ಯೇಕವಾಗಿದ್ದರೆ ‘ಟು ದಿ ನಾರ್ತ್’. ಆಂಗ್ಲೇಯರು ತಾವೇ ಈ ನಿಯಮವನ್ನು ಇಷ್ಟು ಬಿಗಿಯಾಗಿ ಪಾಲಿಸುತ್ತಾರೆಂದಲ್ಲ. ‘ಟು’ ಎಂಬುದನ್ನು ತಗುಲಿದ್ದಕ್ಕೂ ಹೇಳುವುದುಂಟು. ಆದರೂ ಒಳಗು ಹೊರಗುಗಳ ಭೇದವನ್ನು ಅವರು ಕೆಡಿಸುವುದಿಲ್ಲ. ಈಗ ‘ಗುಡಿಬಂಡೆಯು ಚಿಕ್ಕಬಳ್ಳಾಪುರದ ಉತ್ತರದಲ್ಲಿದೆ’ ಎಂಬ ವಾಕ್ಯವನ್ನು ವಿಚಾರಿಸಿರಿ. ಚಿಕ್ಕಬಳ್ಳಾಪುರವೆಂಬುದು ಪಟ್ಟಣದ ಹೆಸರೂ ಹೌದು, ಜಿಲ್ಲೆಯ ಹೆಸರೂ ಹೌದು. ಜಿಲ್ಲೆಯೆಂದು ತಿಳಿದರೆ ಗುಡಿಬಂಡೆಯು ಅದರೊಳಗಿನ ಬಡಗಣ ಭಾಗದಲ್ಲಿದೆ. ಪಟ್ಟಣವೆಂದು ತಿಳಿದರೆ ಅದರ ಹೊರಗೆ ಬಡಗಣ ದಿಕ್ಕಿಗಿದೆ. ವಾಕ್ಯವು ಎರಡು ಅರ್ಥದಲ್ಲಿಯೂ ಸತ್ಯವಾದ್ದರಿಂದ ಇಲ್ಲಿ ಹಾನಿಯಿಲ್ಲ. ‘ಹಿಂದೂಪುರವು ಗೌರಿಬಿದನೂರಿನ ಉತ್ತರದಲ್ಲಿದೆ’ ಎಂದು ಬರೆದರೋ, ಆಂಧ್ರಪ್ರದೇಶದ ಊರೊಂದನ್ನು ಕರ್ನಾಟಕದ ತಾಲ್ಲೂಕಿನೊಳಕ್ಕೆ ತಂದು ಕೂಡಿಸಿದಂತಾಗುತ್ತದೆ.

ಕನ್ನಡದಲ್ಲಿ ಈ ಭೇದಕ್ಕೆ ಸಾಧನವಿಲ್ಲವೆಂದು ಯಾರಾದರೂ ಶಂಕಿಸಿದರೆ ಅದು ಯುಕ್ತವಲ್ಲ. ಹೊರಗಿನದಕ್ಕೆ ಅವಧಿಯಲ್ಲಿ ಚತುರ್ಥಿ: ‘ಗೌರಿಬಿದನೂರಿಗೆ ಉತ್ತರದಲ್ಲಿ’ ಅಥವಾ ‘ಗೌರಿಬಿದನೂರಿನಿಂದ ಬಡಗಲಾಗಿ’. ಒಳಗಿನದಕ್ಕೆ ಷಷ್ಠಿಯೊಡನೆ ಭಾಗವಾಚಕ: ‘ಜಿಲ್ಲೆಯ ಬಡಗಣ ಭಾಗದಲ್ಲಿ’. ತಗುಲಿದ್ದಕ್ಕೆ ಎಲ್ಲೆಯ ಮಾತು: ‘ಜಿಲ್ಲೆಯ ಬಡಗಣ ಎಲ್ಲೆಗೆ ಹೊಂದಿ’. ಸಾಧನವಿದೆ, ‘ದ ಉತ್ತರದಲ್ಲಿ’ ಎಂಬೊಂದೇ ಅಚ್ಚಿನಲ್ಲಿ ಎಲ್ಲವನ್ನೂ ಎರಕ ಹೊಯ್ಯುವ ಆತುರವೇ ಅದನ್ನು ಮರೆಯಿಸಿದೆ.

ಪಂಡಿತರಿಗೆ ಇದು ಶಬ್ದವಿಚಾರವಾದರೆ ರೈತನಿಗೆ ಅನ್ನದ ವಿಚಾರ. ಜಮೀನಿನ ಪತ್ರಗಳಲ್ಲಿ ಚಕ್ಕುಬಂದಿಯೆಂದು ನಾಲ್ಕು ಎಲ್ಲೆಗಳನ್ನು ಬರೆಯುವ ಪದ್ಧತಿಯಷ್ಟೆ. ಇಂಗ್ಲಿಷು ಪತ್ರದಲ್ಲಿ ‘ಬೌಂಡೆಡ್ ಆನ್ ದಿ ನಾರ್ತ್ ಬೈ’ ಎಂದು ಹೇಳಿ ಒಂದು ಕಾಲುವೆಯನ್ನು ಹೆಸರಿಸಿದ್ದರೆ, ಆ ಕಾಲುವೆಯು ಮಾರಿದ ನೆಲಕ್ಕೆ ಹೊರಗು. ಕನ್ನಡದಲ್ಲಿ ವಾಡಿಕೆಯಾದ ‘ಉತ್ತರಕ್ಕೆ ಕಾಲುವೆ’ ಎಂಬುದೂ ಹೊರಗೆಂದೇ ತಿಳಿಸುತ್ತದೆ. ಚತುರ್ಥಿಯು ಇಲ್ಲಿ ಕಾವಲುಗಾರನಂತೆ ನಿಂತಿದೆ. ಅದನ್ನು ಬಿಟ್ಟು ‘ಉತ್ತರದಲ್ಲಿ ಕಾಲುವೆಯಿರುವ ಜಮೀನು’ ಎಂದು ಬರೆದರೆ ಕಾಲುವೆಯು ಜಮೀನಿನ ಒಳಗೆ ಬಡಗಣ ಅಂಚಿನಲ್ಲಿದೆಯೆಂದು ವಾದಿಸಲು ಎಡೆಯಾಗುತ್ತದೆ. ವರ್ಷವೆಲ್ಲ ಹರಿಯುವ ಹೊಳೆಯಿಲ್ಲದೆ ಕೆರೆಕಾಲುವೆಗಳ ಮಳೆನೀರನ್ನೇ ನಂಬಿದ ಈ ಸೀಮೆಯಲ್ಲಿ ಕಾಲುವೆ ಒಳಗೋ ಹೊರಗೋ ಎಂಬುದು ಸಣ್ಣ ಮಾತಲ್ಲ. ‘ಆ’ ಎಂಬ ಅವ್ಯಯಕ್ಕೆ ಮರ್ಯಾದೆ, ಅಭಿವಿಧಿ ಎಂದು ಎರಡು ಅರ್ಥಗಳನ್ನು ಪಾಣಿನಿಯು ಹೇಳಿರುವುದು ಇಂತಹ ಸಂದೇಹವನ್ನು ಎದುರಿಗಿಟ್ಟುಕೊಂಡೇ: ಎಲ್ಲೆಯನ್ನು ಬಿಟ್ಟು ಎಣಿಸುವುದು ಮರ್ಯಾದೆ, ಎಲ್ಲೆಯನ್ನೂ ಕೂಡಿಸಿ ಎಣಿಸುವುದು ಅಭಿವಿಧಿ. ಚಕ್ಕುಬಂದಿಯ ‘ಉತ್ತರಕ್ಕೆ’ ಎಂಬುದು ಮರ್ಯಾದೆ. ಅದನ್ನು ಅಭಿವಿಧಿ ಮಾಡಲು ಬಿಡಕೂಡದು.

ಹಿಂದಿನವರು ಇದರಲ್ಲಿ ಎಷ್ಟು ಎಚ್ಚರವಾಗಿದ್ದರೆಂಬುದಕ್ಕೆ ದಾನಶಾಸನಗಳೇ ಸಾಕ್ಷಿ. ಈ ತಾಲ್ಲೂಕುಗಳ ಶಾಸನಗಳನ್ನು ರೈಸ್ ಸಾಹೇಬರು ೧೯೦೫ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ೧೦ನೆಯ ಸಂಪುಟದಲ್ಲಿ ನೋಡಬಹುದು. ಕನ್ನಡ ಶಾಸನಗಳಲ್ಲಿ ಎಲ್ಲೆಯನ್ನು ಬಹುಮಟ್ಟಿಗೆ ಮೂಡಲಿಂದ ತೊಡಗಿ ತೆಂಕಲು, ಪಡುವಲು, ಬಡಗಲು ಎಂಬ ಪ್ರದಕ್ಷಿಣಕ್ರಮದಲ್ಲಿ ಹೇಳುತ್ತಾರೆ. ಗಡಿಯ ಕಲ್ಲು, ಮರ, ಹಳ್ಳಗಳನ್ನು ಮುಟ್ಟಿಕೊಂಡು ಒಬ್ಬನು ನೆಲದ ಸುತ್ತ ನಡೆದು ಬಂದಂತೆ ಅದು ಕಾಣುತ್ತದೆ. ಇಂದಿನ ಪತ್ರಗಳ ಕ್ರಮವು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಎದುರುಬದುರಾಗಿ ಹಾರುವ ಕ್ರಮ. ಆಂಗ್ಲೇಯರು ಸಾಮಾನ್ಯವಾಗಿ ‘ನಾರ್ತ್’ ಶಬ್ದದಿಂದ ತೊಡಗುವುದು ದಿಕ್ಸೂಚಿಯ ಮುಳ್ಳನ್ನು ನೋಡಿ; ನಾವು ಮೂಡಲಿಂದ ತೊಡಗುವುದು ಸೂರ್ಯನನ್ನು ನೋಡಿ. ನಡೆದು ಬಂದವನು ಬರೆದ ಎಲ್ಲೆಯೇ ಹೆಚ್ಚು ನಂಬತಕ್ಕದ್ದೆಂಬುದು ನನ್ನ ಅಭಿಪ್ರಾಯ.

ದಿಗ್ವಾಚಕವು ಹೆಸರಿನೊಳಕ್ಕೆ ಸೇರಿದಾಗ ಮೂರನೆಯ ಬಗೆಯ ಅರ್ಥ ಹುಟ್ಟುತ್ತದೆ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಎರಡು ನದಿಗಳಿಗೆ ಉತ್ತರಪಿನಾಕಿನಿ, ದಕ್ಷಿಣಪಿನಾಕಿನಿ ಎಂದು ಹೆಸರು. ಮೊದಲನೆಯದು ಗೌರಿಬಿದನೂರು ಸೀಮೆಯಲ್ಲಿ ವಿದುರಾಶ್ವತ್ಥದ ಬಳಿ ಹರಿದು ಆಂಧ್ರವನ್ನು ಹೊಕ್ಕು ನೆಲ್ಲೂರಿನಾಚೆ ಕಡಲನ್ನು ಸೇರುತ್ತದೆ. ಎರಡನೆಯದು ಹೊಸಕೋಟೆಯ ಕಡೆಯಿಂದ ತಮಿಳುನಾಡಿಗೆ ಇಳಿದು ‘ತೆನ್‌ಪೆಣ್ಣೈ’ ಎನಿಸಿಕೊಂಡು ಕಡಲೂರಿನ ಬಳಿ ಸಮುದ್ರಗತವಾಗುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ನಾರ್ತ್ ಪೆನ್ನಾರ್’. ಇದಕ್ಕೆ ‘ಪೆನ್ನಾರ್ ನದಿಯ ಬಡಗಣ ಭಾಗ’ವೆಂದು ಅರ್ಥ ಮಾಡಿದರೆ ಅದು ಕೇವಲ ತಪ್ಪು. ಎರಡು ಪಿನಾಕಿನಿಗಳಲ್ಲಿ ಬಡಗಣದ್ದು ಎಂದೇ ಅರ್ಥ. ಇಲ್ಲಿ ಒಂದಕ್ಕೆ ಇನ್ನೊಂದೇ ಅವಧಿ. ದಿಗ್ವಾಚಕ ಪದವು ಕರ್ಮಧಾರಯದಲ್ಲಿ ಸೇರುವುದು ಸಂಜ್ಞೆಯಾದಾಗ ಮಾತ್ರವೆಂದು ಪಾಣಿನಿಯ ನಿಯಮ. ಬಡಗಣಕ್ಕಿರುವ ಯಾವುದೋ ಒಂದು ನದಿ ‘ಉತ್ತರಾ ನದೀ’. ಹೆಸರಾಗಿ ನಿಂತದ್ದು ‘ಉತ್ತರಪಿನಾಕಿನೀ’. ಇಂಗ್ಲಿಷು ಈ ಕೆಲಸವನ್ನು ಅಕ್ಷರದ ಗಾತ್ರದಿಂದ ಮಾಡುತ್ತದೆ: ದೊಡ್ಡಕ್ಷರದಿಂದ ತೊಡಗುವ ‘ನಾರ್ತ್’ ಸಂಜ್ಞೆ, ಚಿಕ್ಕಕ್ಷರದ್ದು ಬರಿಯ ದಿಕ್ಕು. ನಮ್ಮ ಲಿಪಿಯಲ್ಲಿ ಅಂತಹ ಭೇದವಿಲ್ಲದ್ದರಿಂದ, ಸಂಜ್ಞೆಯನ್ನು ಒಂದೇ ಪದವಾಗಿ ಕೂಡಿಸಿ ಬರೆಯುವ ಹಳೆಯ ಪದ್ಧತಿಯೇ ನಮಗೆ ರಕ್ಷೆ. ‘ಉತ್ತರ ಪಿನಾಕಿನಿ’ ಎಂದು ನಡುವೆ ತೆರಪು ಬಿಡುವುದರಲ್ಲಿ ನನಗೆ ಒಲವಿಲ್ಲ.

ಭಾಗವನ್ನೇ ಹೇಳುವ ಹೆಸರುಗಳೂ ಇವೆ. ‘ಉತ್ತರಕಾಯ’ವೆಂದರೆ ದೇಹದ ಮೇಲ್ಭಾಗ, ಏಕದೇಶಿಸಮಾಸವೆಂದು ಅದನ್ನು ಬೇರೆಯಾಗಿಯೇ ಹೇಳಿದ್ದಾರೆ. ಹಳೆಯ ಕೆನರಾ ಜಿಲ್ಲೆಯನ್ನು ಎರಡಾಗಿ ಸೀಳಿದಾಗ ಬಡಗಣ ಹೋಳು ‘ನಾರ್ತ್ ಕೆನರಾ’ ಎನಿಸಿ ೧೮೬೨ರಲ್ಲಿ ಬೊಂಬಾಯಿ ಪ್ರಾಂತಕ್ಕೆ ಸೇರಿತು. ಅದೇ ಇಂದಿನ ಉತ್ತರಕನ್ನಡ. ಇಂಗ್ಲೆಂಡಿನಲ್ಲಿ ನಾರ್ಫೋಕ್, ಸಫೋಕ್ ಎಂಬ ಎರಡು ಸೀಮೆಗಳ ಹೆಸರಿಗೆ ಬಡಗಣ ಜನ, ತೆಂಕಣ ಜನ ಎಂದೇ ಅರ್ಥ. ಮೈಸೂರು ಸೀಮೆಯಿಂದ ನೀಲಗಿರಿಗೆ ಹೋಗಿ ನೆಲಸಿದವರು ಬಡಗರೆನಿಸಿಕೊಂಡದ್ದೂ ಹೀಗೆಯೇ. ಎರಡು ಬಳ್ಳಾಪುರಗಳನ್ನು ಮಾತ್ರ ನಮ್ಮವರು ದಿಕ್ಕಿನಿಂದ ಬೇರ್ಪಡಿಸದೆ ಚಿಕ್ಕದು ದೊಡ್ಡದೆಂದು ಬೇರ್ಪಡಿಸಿದರು. ಅವಧಿಯ ಜಗಳವೇ ಇಲ್ಲದ್ದರಿಂದ ಒಳ್ಳೆಯದೇ ಆಯಿತು.

ಇತ್ತೀಚಿನ ಒಂದು ಪ್ರಯೋಗವು ಈ ವಿಚಾರಕ್ಕೆ ನೇರವಾಗಿ ಸಂಬಂಧಿಸಿದೆ. ೨೦೨೫ರಲ್ಲಿ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ವೆಂದು ಹೆಸರಿಟ್ಟರು, ಅದೇ ವರ್ಷ ಜುಲೈ ೨ರಂದು ನಂದಿಬೆಟ್ಟದಲ್ಲಿ ಸೇರಿದ ರಾಜ್ಯದ ಸಚಿವಸಂಪುಟವು ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ‘ಬೆಂಗಳೂರು ಉತ್ತರ’ವೆಂದು ಕರೆಯಲು ಒಪ್ಪಿತು. ಬೆಂಗಳೂರು ನಗರ ಜಿಲ್ಲೆಯೊಳಗೆ ಬೆಂಗಳೂರು ಉತ್ತರವೆಂಬ ತಾಲ್ಲೂಕು ಮೊದಲಿನಿಂದಲೂ ಇದೆ. ಅಲ್ಲಿ ‘ಉತ್ತರ’ವೆಂದರೆ ಒಳಗಣ ಭಾಗ, ಜಿಲ್ಲೆಯ ಹೆಸರಿನಲ್ಲಿ ಹೊರಗಣ ದಿಕ್ಕು. ಒಂದೇ ಹೆಸರು, ಒಂದು ಷಷ್ಠಿಯಿಂದ ಬಿಡಿಸತಕ್ಕದ್ದು, ಇನ್ನೊಂದು ಪಂಚಮಿಯಿಂದ. ಪದಕ್ರಮವೂ ಗಮನಾರ್ಹ. ‘ಉತ್ತರಬೆಂಗಳೂರು’, ‘ಬಡಗಣ ಬೆಂಗಳೂರು’ ಎಂಬುವು ನಮ್ಮ ಜಾಯಮಾನಕ್ಕೆ ಒಗ್ಗಿದುವು. ‘ಬೆಂಗಳೂರು ಉತ್ತರ’ವು ಕಚೇರಿಯ ಪಟ್ಟಿಯಲ್ಲಿ ಊರಿನ ಹೆಸರು ಮೊದಲು ಬರಲೆಂದು ಮಾಡಿಕೊಂಡ ಇಂಗ್ಲಿಷು ಏರ್ಪಾಡಿನ ನೆರಳು. ಹೆಸರನ್ನು ನಾವು ಬದ್ಧವಾಗಿ ಬಳಸೋಣ. ಆದರೆ ತರಗತಿಯಲ್ಲಿ ವಿಗ್ರಹವಾಕ್ಯವನ್ನು ಹೇಳಿಕೊಡದೆ ಬಿಡಬಾರದು.

‘ಉತ್ತರ’ ಶಬ್ದಕ್ಕೆ ಇನ್ನೊಂದು ತೊಡಕುಂಟು. ಕನ್ನಡದಲ್ಲಿ ಅದು ಪ್ರಶ್ನೆಗೆ ಮಾರ್ನುಡಿಯೂ ಹೌದು. ಚಿಂತಾಮಣಿ, ಶಿಡ್ಲಘಟ್ಟಗಳ ತೆಲುಗು ಮಾತಿನಲ್ಲಿ ‘ಉತ್ತರಂ’ ಎಂದರೆ ಅಂಚೆಯ ಕಾಗದ. ಹೀಗೆ ಮೂರು ಹೊರೆ ಹೊತ್ತ ಶಬ್ದಕ್ಕೆ ನಾಲ್ಕನೆಯದಾಗಿ ಇಂಗ್ಲಿಷಿನ ‘ನಾರ್ತ್’ ಶಬ್ದದ ಛಾಯೆಗಳನ್ನೆಲ್ಲ ಹೊರಿಸುವುದಕ್ಕಿಂತ, ದಿಕ್ಕನ್ನೇ ಸ್ಪಷ್ಟವಾಗಿ ಹೇಳಬೇಕಾದಲ್ಲಿ ‘ಬಡಗಣ’ವನ್ನು ಮರಳಿ ಬಳಕೆಗೆ ತರುವುದು ಲೇಸು.

ಗಾಳಿಯ ವಿಷಯದಲ್ಲಿ ಈ ಲಾಭವು ಚೆನ್ನಾಗಿ ಕಾಣುತ್ತದೆ. ‘ನಾರ್ತ್ ವಿಂಡ್’ ಎಂದರೆ ಬಡಗಣಿಂದ ಬೀಸುವ ಗಾಳಿ, ಬಡಗಣಕ್ಕೆ ಹೋಗುವುದಲ್ಲ. ‘ಉತ್ತರದ ಗಾಳಿ’ ಎಂದಾಗ ಹುಡುಗರು ಎರಡನ್ನೂ ಊಹಿಸುತ್ತಾರೆ. ‘ಬಡಗಣ ಗಾಳಿ’, ‘ಮೂಡಲ ಗಾಳಿ’ ಎಂದರೆ ಬರುವ ಕಡೆಯದೆಂದು ಓದುಬರಹವಿಲ್ಲದವರಿಗೂ ತಿಳಿಯುತ್ತದೆ. ಇಂಗ್ಲಿಷಿನ ‘ನಾರ್ದರ್ಲಿ’ ಎಂಬುದಾದರೋ ಗಾಳಿಗೆ ಸೇರಿದಾಗ ‘ಬಡಗಣಿಂದ’ ಎಂದೂ, ನಡೆಗೆ ಸೇರಿದಾಗ ‘ಬಡಗಣಕ್ಕೆ’ ಎಂದೂ ಎದುರುಬದುರಾದ ಅರ್ಥಗಳನ್ನು ಕೊಡುತ್ತದೆ. ಭಾಷಾಂತರಿಸುವವನು ವಿಶೇಷ್ಯವನ್ನು ನೋಡಿಯೇ ವಿಭಕ್ತಿಯನ್ನು ನಿರ್ಣಯಿಸಬೇಕು. ‘ನಾರ್ತ್‌ವರ್ಡ್’ ಎಂಬುದಕ್ಕೆ ಸಂದೇಹವಿಲ್ಲ. ಅದು ಯಾವಾಗಲೂ ಬಡಗಣಾಭಿಮುಖ.

ಮೂಲೆಗಳ ಹೆಸರಿನಲ್ಲಿ ಇಂಗ್ಲಿಷು ‘ನಾರ್ತ್’ ಶಬ್ದವನ್ನೇ ಮುಂದಿಟ್ಟು ‘ನಾರ್ತ್‌ವೆಸ್ಟ್’ ಎನ್ನುತ್ತದೆ. ಸಂಸ್ಕೃತದಲ್ಲಿ ಎರಡು ದಿಕ್ಕುಗಳ ಹೆಸರನ್ನು ಕೂಡಿಸಿ ನಡುವಣ ದಿಕ್ಕನ್ನು ಹೇಳುವ ಸಮಾಸವನ್ನು ಬಹುವ್ರೀಹಿಯಲ್ಲಿ ಪಾಣಿನಿಯು ಸೇರಿಸಿದ್ದಾನೆ. ಆದರೆ ಲೋಕದಲ್ಲಿ ದಿಕ್ಪಾಲಕರ ಹೆಸರುಗಳೇ ಗೆದ್ದುವು. ಗೌರಿಬಿದನೂರು ಚಿಕ್ಕಬಳ್ಳಾಪುರ ಪಟ್ಟಣಕ್ಕೆ ಸರಿಯಾಗಿ ಉತ್ತರವಲ್ಲ, ವಾಯವ್ಯ. ಇಂಗ್ಲಿಷು ಪುಸ್ತಕದಲ್ಲಿ ಅದನ್ನು ಸ್ಥೂಲವಾಗಿ ‘ನಾರ್ತ್’ ಎಂದು ಬರೆದಿದ್ದರೂ ಕನ್ನಡಿಸುವವರು ‘ಚಿಕ್ಕಬಳ್ಳಾಪುರ ಪಟ್ಟಣಕ್ಕೆ ವಾಯವ್ಯದಲ್ಲಿ’ ಎಂದು ತಿದ್ದಿ ಬರೆಯಲು ಅನುಮಾನಿಸಬೇಕಾಗಿಲ್ಲ.